ಒಕ್ಕದ ಹೆಸರು ಮೊದಲು, ಇನಿಷಿಯಲ್ ಆಮೇಲೆ

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ವಂಶವೃಕ್ಷ ಬರೆಯುವುದು ಹೇಗೆಂದು ಕೊಡಗಿನಿಂದ ಬಂದ ಪತ್ರಗಳಿಗೆ ಈ ಸಲದ ಪ್ರಶ್ನೋತ್ತರ ಮೀಸಲು. ಒಕ್ಕ ಎಂದರೆ ಕೊಡವರಲ್ಲಿ ತಂದೆಯ ಕಡೆಯಿಂದ ಬರುವ ಮನೆತನ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಏಕೆಂದು ಮಡಿಕೇರಿಯ ಪ್ರಶ್ನೆ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ಮಕ್ಕಳಲ್ಲಿ ಒಬ್ಬರು ಬೆಂಗಳೂರು, ಇನ್ನೊಬ್ಬರು ಮೆಲ್ಬರ್ನ್. ಮೊಮ್ಮಕ್ಕಳಿಗೆ ಒಕ್ಕದ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ವಂಶವೃಕ್ಷ ಮಾಡಲು ಒಂದು ಒಳ್ಳೆಯ ವೆಬ್‌ಸೈಟ್ ಹೇಳಿ. ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂದಿದ್ದೇನೆ. (ಪೊನ್ನಂಪೇಟೆ)

ಉತ್ತರ: ಮೊದಲ ಮೂರು ವಾರ ವೆಬ್‌ಸೈಟಿನ ಹತ್ತಿರ ಹೋಗಬೇಡಿ. ಕೊಡಗಿನ ಮನೆತನಗಳ ಕಾಗದಪತ್ರ ಇಂಟರ್ನೆಟ್ಟಿನಲ್ಲಿ ಇರುವುದು ಬಹಳ ಕಮ್ಮಿ. ಅಲ್ಲಿ ಸಿಗುವುದರಲ್ಲಿ ಹೆಚ್ಚಿನದು ಯಾರೋ ಅರೆಬರೆ ನೆನಪಿನಿಂದ ತುಂಬಿಸಿದ್ದು. ನಿಮ್ಮ ಕೈಗೆ ಸಿಗುವ ಅತಿ ದೊಡ್ಡ ದಾಖಲೆ ಎಂಬತ್ತು ದಾಟಿದ ಹಿರಿಯರು, ಅದರಲ್ಲೂ ಹೆಂಗಸರು. ಗಂಡಸರಿಗೆ ತೋಟದ ಗಡಿ ನೆನಪಿರುತ್ತದೆ. ಯಾವ ಮನೆಯ ಹುಡುಗಿ ಯಾವ ಮನೆಗೆ ಹೋದಳು ಎಂಬುದು ಅಜ್ಜಿಯಂದಿರಿಗೇ ಗೊತ್ತು.

ಉದ್ದದ ನೋಟ್‌ಬುಕ್ಕಿನಲ್ಲಿ ಎಂಟು ಕಾಲಂ ಗೆರೆ ಹಾಕಿ. ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ತಂದೆ, ತಾಯಿ, ತಾಯಿಯ ತವರಿನ ಒಕ್ಕ ಮತ್ತು ಊರು, ಗಂಡ ಅಥವಾ ಹೆಂಡತಿ, ಅವರ ಒಕ್ಕ ಮತ್ತು ಊರು, ಇದನ್ನು ಹೇಳಿದವರು ಯಾರು, ಯಾವ ದಿನ. ಕೊನೆಯ ಕಾಲಂ ಖಾಲಿ ಬಿಟ್ಟವರು ಆರು ತಿಂಗಳಾದ ಮೇಲೆ ಪೇಚಾಡುತ್ತಾರೆ. ಒಬ್ಬನೇ ಅಜ್ಜನಿಗೆ ಇಬ್ಬರು ಅಪ್ಪಂದಿರ ಹೆಸರು ಬಂದಿರುತ್ತದೆ, ಯಾವುದು ಯಾರ ಮಾತು ಎಂದು ತಿಳಿಯುವುದಿಲ್ಲ.

ಮಾತಾಡಿಸುವಾಗ ಸಂಬಂಧಸೂಚಕ ಪದಗಳನ್ನು ಹಾಗೇ ನಂಬಿ ಗೆರೆ ಎಳೆಯಬೇಡಿ. ಹೆಚ್ಚು ತಪ್ಪಾಗುವುದು ಇಲ್ಲೇ. ‘ಅವರು ನನಗೆ ಬಲ್ಯಪ್ಪ’ ಎಂದರೆ ಅಪ್ಪನ ಸ್ವಂತ ಅಣ್ಣ ಇರಬಹುದು, ಅವ್ವನ ಅಕ್ಕನ ಗಂಡ ಇರಬಹುದು, ಅಪ್ಪನ ದೊಡ್ಡಪ್ಪನ ಮಗನೂ ಇರಬಹುದು. ದಾಯಾದಿಗಳೆಲ್ಲ ಬಾಯಿಮಾತಿನಲ್ಲಿ ಅಣ್ಣ ತಮ್ಮಂದಿರೇ. ಕಂಪ್ಯೂಟರಿಗೆ ತಿಳಿಯುವುದು ಅಪ್ಪ, ಅಮ್ಮ, ಮಗು, ಗಂಡ, ಹೆಂಡತಿ, ಇಷ್ಟೇ. ಆದ್ದರಿಂದ ಪ್ರತಿ ಸಲವೂ ‘ನಿಮ್ಮ ಅಪ್ಪ, ಆ ಬಲ್ಯಪ್ಪ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಾ?’ ಎಂದು ಕೇಳಿ. ಒರಟಾಗಿ ಕೇಳಿಸಿದರೂ ಪರವಾಗಿಲ್ಲ.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಒಂದೇ ಒಕ್ಕದಲ್ಲಿ ನಾಲ್ಕು ಮಂದಿ ಮಾಚಯ್ಯ ಇರುತ್ತಾರೆ. ಅದಕ್ಕೆ ನಂಬರು ಕೊಡಿ. ಗೊತ್ತಿರುವ ಅತಿ ಹಳೆಯ ಕಾರಣವನಿಗೆ (ಮೂಲ ಪೂರ್ವಜನಿಗೆ) 1, ಅವನ ಮಕ್ಕಳಿಗೆ 1.1, 1.2, ಎರಡನೆಯವನ ಮೊದಲ ಮಗುವಿಗೆ 1.2.1. ಬಿಟ್ಟುಹೋದ ಮಗು ಆಮೇಲೆ ಸಿಕ್ಕರೆ ಹಳೆಯ ನಂಬರುಗಳನ್ನು ಕದಲಿಸಬೇಡಿ. ಅದಕ್ಕೆ ಮುಂದಿನ ನಂಬರು ಕೊಟ್ಟು ‘ವಯಸ್ಸಿನಲ್ಲಿ ಮೂರನೆಯವರು’ ಎಂದು ಪಕ್ಕಕ್ಕೆ ಬರೆಯಿರಿ. ಫೋಟೊ ಫೈಲಿಗೂ ಇದೇ ನಂಬರು ಇಟ್ಟರೆ ಯಾವ ಮಾಚಯ್ಯ ಎಂಬ ಗೊಂದಲವೇ ಇರುವುದಿಲ್ಲ.

ನಿಮ್ಮ ಒಕ್ಕದ ಅರುವ ಒಕ್ಕ (ಮದುವೆಯಂಥ ಕಟ್ಟಳೆಗಳಲ್ಲಿ ನಿಮ್ಮ ಪರ ನಿಲ್ಲುವ ಒಕ್ಕ) ಯಾವುದೆಂದು ವಿಚಾರಿಸಿ ಅವರ ಮನೆಗೂ ಒಮ್ಮೆ ಹೋಗಿ ಬನ್ನಿ. ಮದುವೆಯಲ್ಲಿ ಸಂಬಂಧ ಅಡ್‌ಕುವಾಗ (ಹೆಣ್ಣನ್ನು ಗಂಡನ ಒಕ್ಕಕ್ಕೆ ಒಪ್ಪಿಸುವಾಗ) ಎರಡೂ ಕಡೆಯ ಅರುವರು ನಿಂತು ಮಾತಾಡುವವರಾದ್ದರಿಂದ, ನಿಮ್ಮ ಮನೆಯಿಂದ ಹೊರಗೆ ಹೋದ ಹೆಣ್ಣುಮಕ್ಕಳ ಲೆಕ್ಕ ಕೆಲವೊಮ್ಮೆ ನಿಮಗಿಂತ ಚೆನ್ನಾಗಿ ಅವರಲ್ಲಿರುತ್ತದೆ.

ಆಮೇಲೆ ಕಂಪ್ಯೂಟರು. ಮನೆಯ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ‘ಗ್ರಾಂಪ್ಸ್’ ಎಂಬ ತಂತ್ರಾಂಶ ಉಚಿತ, ಕನ್ನಡ ಲಿಪಿಯನ್ನೂ ತೆಗೆದುಕೊಳ್ಳುತ್ತದೆ. ಮೆಲ್ಬರ್ನಿನವರೂ ಸೇರಿ ತುಂಬಬೇಕಾದರೆ ‘ಫ್ಯಾಮಿಲಿಸರ್ಚ್’ ಉಚಿತ. ಅಮೆರಿಕದ ಒಂದು ಚರ್ಚ್ ಸಂಘಟನೆ ನಡೆಸುವ ತಾಣ. ‘ಮೈಹೆರಿಟೇಜ್’ ಉಚಿತ ಖಾತೆಯಲ್ಲಿ 250 ಮಂದಿಯವರೆಗೆ ಮಾತ್ರ. ಅಷ್ಟು ಜನ ಒಂದು ಪುತ್ತರಿ (ಸುಗ್ಗಿ) ಹಬ್ಬಕ್ಕೇ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ.

ಮಳೆಯ ಮಾತು ಎತ್ತಿದಿರಿ. ಜೂನಿಗೆ ಮುಂಚೆ ಮುಗಿಸಬೇಕಾದ ಕೆಲಸ ಫೋಟೊ ಸ್ಕ್ಯಾನು. ಮರ ಬರೆಯುವುದಕ್ಕೆ ಇಡೀ ಮಳೆಗಾಲ ಇದೆ. ಸಣ್ಣ ಫೋಟೊಗೆ 600 ಡಿಪಿಐ, ಕಾಗದಪತ್ರಕ್ಕೆ 300 ಸಾಕು. ನಡುಬಾಡೆಯ (ಮನೆಯ ನಡುಕೋಣೆಯ) ಗೋಡೆಯಲ್ಲಿ ತೂಗುಹಾಕಿದ ಹಳೆಯ ಫೋಟೊ ತೇವಕ್ಕೆ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖದ ಪದರವೇ ಎದ್ದು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಹಳೆಯ ಕಾಗದವನ್ನು ಲ್ಯಾಮಿನೇಶನ್ ಮಾಡಿಸುವುದಂತೂ ಬೇಡವೇ ಬೇಡ, ಒಳಗಿನ ತೇವ ಒಳಗೇ ಉಳಿದು ಬೂಸಲು ಹಿಡಿಯುತ್ತದೆ.

ಪ್ರಶ್ನೆ: ವೆಬ್‌ಸೈಟಿನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಕೇಳುತ್ತದೆ. ಒಬ್ಬೊಬ್ಬರು ಒಂದೊಂದು ರೀತಿ ತುಂಬಿಸಿ, ಒಂದೇ ಮನೆಯವರು ಐದು ಬೇರೆ ಬೇರೆ ಕುಟುಂಬದವರಂತೆ ಕಾಣುತ್ತಿದ್ದಾರೆ. ಸರಿಯಾದ ಕ್ರಮ ಯಾವುದು? (ಗೋಣಿಕೊಪ್ಪಲು)

ಉತ್ತರ: ಎಲ್ಲರಿಗೂ ಗೊತ್ತಿರುವ ಹೆಸರನ್ನೇ ತೆಗೆದುಕೊಳ್ಳೋಣ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರಿಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ. ಲಾಸ್ಟ್ ನೇಮ್ ಪೆಟ್ಟಿಗೆಯಲ್ಲಿ ಒಬ್ಬರಿಗೆ ‘ಕಾರಿಯಪ್ಪ’, ಇನ್ನೊಬ್ಬರಿಗೆ ‘ತಿಮ್ಮಯ್ಯ’ ಎಂದು ಹಾಕಿದರೆ ಕಂಪ್ಯೂಟರಿನ ಕಣ್ಣಿಗೆ ಇಬ್ಬರೂ ಪರಸ್ಪರ ಅಪರಿಚಿತರು. ಇಬ್ಬರ ‘ಕೆ’ಯೂ ಕೊಡಂದೇರ. ಒಂದೇ ಒಕ್ಕ. ಎರಡನೇ ಅಕ್ಷರ ತಂದೆಯದು, ಒಬ್ಬರದು ಮಾದಪ್ಪ, ಇನ್ನೊಬ್ಬರದು ಸುಬ್ಬಯ್ಯ. ಆಮೇಲಿನದು ಸ್ವಂತ ಹೆಸರು.

ಹಾಗಾಗಿ ಲಾಸ್ಟ್ ನೇಮ್ ಅಥವಾ ಸರ್‌ನೇಮ್ ಎಂಬಲ್ಲಿ ಒಕ್ಕದ ಹೆಸರನ್ನು ಪೂರ್ತಿ ಬರೆಯಿರಿ, ಇನಿಷಿಯಲ್ ಬೇಡ. ಫಸ್ಟ್ ನೇಮ್‌ನಲ್ಲಿ ಸ್ವಂತ ಹೆಸರು ಮಾತ್ರ. ತಂದೆಯ ಹೆಸರನ್ನು ಎಲ್ಲೂ ತುರುಕಬೇಕಿಲ್ಲ, ತಂದೆಗೆ ಬೇರೆ ಪೆಟ್ಟಿಗೆಯೇ ಇದೆಯಲ್ಲ. ಪಾಸ್‌ಪೋರ್ಟಿನಲ್ಲಿ ಬೇರೆ ಕ್ರಮದಲ್ಲಿದ್ದರೆ ಅದನ್ನು ‘ಪರ್ಯಾಯ ಹೆಸರು’ ಎಂಬಲ್ಲಿ ಸೇರಿಸಿ.

ಹೆಣ್ಣುಮಕ್ಕಳಿಗೆ ಹುಟ್ಟಿದ ಒಕ್ಕವನ್ನೇ ಬರೆಯಬೇಕು, ಮದುವೆಯಾಗಿ ಹೋದ ಒಕ್ಕವನ್ನಲ್ಲ. ಹಿರಿಯರಿಗೆ ಇದು ವಿಚಿತ್ರ ಅನ್ನಿಸಬಹುದು, ಏಕೆಂದರೆ ನಮ್ಮಲ್ಲಿ ಮದುವೆಯಾದ ಮೇಲೆ ಹೆಣ್ಣು ಗಂಡನ ಒಕ್ಕದವಳೇ. ಆದರೆ ಗಂಡನ ಒಕ್ಕ ಮದುವೆಯ ಗೆರೆಯಿಂದ ತಾನಾಗಿ ತೋರುತ್ತದೆ. ತವರಿನ ಒಕ್ಕ ಬರೆಯದಿದ್ದರೆ ಅದನ್ನು ಹೇಳುವ ಜಾಗ ಮರದಲ್ಲಿ ಬೇರೆಲ್ಲೂ ಇಲ್ಲ. ಎರಡು ತಲೆಮಾರು ಹಿಂದಿನ ಅಜ್ಜಿ ಬರೀ ‘ಬೊಳ್ಳಮ್ಮ’ ಆಗಿ ಉಳಿದಿದ್ದರೆ ಅವಳ ತವರಿನ ಅರ್ಧ ಊರು ನಿಮ್ಮ ಕೈತಪ್ಪಿತು ಎಂದೇ ಲೆಕ್ಕ.

ಇಂಗ್ಲಿಷ್ ಕಾಗುಣಿತದ್ದು ಬೇರೆಯದೇ ತಲೆನೋವು. ಹುಡುಕುವಾಗ ‘ಕ’ಕಾರಕ್ಕೆ ಕೆ, ಸಿ ಎರಡನ್ನೂ, ದೀರ್ಘ ಊಕಾರಕ್ಕೆ ಎರಡು ಓ, ಒಂದು ಯು ಎರಡನ್ನೂ ಪ್ರಯತ್ನಿಸಿ. ಕೊನೆಯ ‘ಅಯ್ಯ’ವನ್ನು ಬ್ರಿಟಿಷ್ ಗುಮಾಸ್ತರು ಮನಬಂದಂತೆ ಬರೆದಿದ್ದಾರೆ. ಒಕ್ಕದೊಳಗೆ ಮಾತ್ರ ಒಂದೇ ಕಾಗುಣಿತ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿ ಜಾಲತಾಣದಲ್ಲಿಟ್ಟಿದ್ದಾರೆ. ಅದರಲ್ಲಿ ನಿಮ್ಮ ಒಕ್ಕದ ಹೆಸರು ಹೇಗಿದೆಯೋ ಹಾಗೇ ಬರೆದರೆ ಜಗಳವೂ ತಪ್ಪುತ್ತದೆ.

ಕನ್ನಡದಲ್ಲಿ ಬರೆದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿವೆ ಎಂದೂ ಇಬ್ಬರು ಬರೆದಿದ್ದಾರೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮರವನ್ನು ಸಾಗಿಸುವ ಫೈಲಿಗೆ ‘ಗೆಡ್‌ಕಾಂ’ ಎನ್ನುತ್ತಾರೆ. ಅದನ್ನು ಉಳಿಸುವಾಗ ಅಕ್ಷರ ಸಂಕೇತ ‘ಆನ್ಸಿ’ ಎಂದಿದ್ದರೆ ಕನ್ನಡವೆಲ್ಲ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ‘ಯುಟಿಎಫ್-8’ ಆರಿಸಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಯಾದರೆ ಮೊದಲು ಯುನಿಕೋಡಿಗೆ ಬದಲಾಯಿಸಿಕೊಂಡು ಆಮೇಲೆ ಅಂಟಿಸಿ.

ಪ್ರಶ್ನೆ: ಅಜ್ಜನ ಅಜ್ಜನವರೆಗೆ ಬಂದು ನಿಂತಿದ್ದೇವೆ. ಅದರಾಚೆಗೆ ಹೋಗಲು ಹಳೆಯ ಜನಗಣತಿ ಸಿಗುತ್ತದೆಯೇ? ಕಂದಾಯದ ದಾಖಲೆ ಪ್ರಯೋಜನಕ್ಕೆ ಬರುತ್ತದೆಯೇ? (ನಾಪೋಕ್ಲು)

ಉತ್ತರ: ಜನಗಣತಿ ಮರೆತುಬಿಡಿ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಮನೆಮನೆಯ ಗಣತಿ ಹಾಳೆಯನ್ನು ಜನರಿಗೆ ತೆರೆಯುತ್ತಾರೆ, ನಮ್ಮಲ್ಲಿ 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಅದು ಯಾರಿಗೂ ತೋರಿಸುವಂಥದ್ದಲ್ಲ. ವಿದೇಶಿ ವೆಬ್‌ಸೈಟುಗಳು ‘ಜನಗಣತಿ ದಾಖಲೆ ಹುಡುಕಿ’ ಎಂದು ಹಣ ಕೇಳುವುದು ಅವರ ದೇಶದ ದಾಖಲೆಗೆ.

ನಮಗೆ ದಾರಿ ಪಹಣಿ. ಸರಕಾರದ ‘ಭೂಮಿ’ ತಾಣದಲ್ಲಿ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟು ತೆರೆಯಿರಿ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಎಂಬುದರ ಜೊತೆ ಎಂ.ಆರ್. (ಖಾತೆ ಬದಲಾವಣೆಯ ಮ್ಯುಟೇಶನ್ ರಿಜಿಸ್ಟರ್) ನಂಬರು ಇರುತ್ತದೆ. ಮುಖ್ಯವಾದದ್ದು ಆ ನಂಬರು. ಅದನ್ನು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿದರೆ ಮ್ಯುಟೇಶನ್ ಕಡತದ ನಕಲು ಸಿಗುತ್ತದೆ. ಪೌತಿ ಖಾತೆಯಾಗಿದ್ದರೆ ತೀರಿಕೊಂಡವರು ಯಾರು, ಯಾವಾಗ, ವಾರಸುದಾರರು ಯಾರು ಎಂಬುದರ ಜೊತೆ ಆ ಕಾಲದ ವಂಶವೃಕ್ಷವೂ ಲಗತ್ತಾಗಿರಬಹುದು. ಆ ಕಡತದಿಂದ ಹಿಂದಿನ ಎಂ.ಆರ್. ನಂಬರು, ಅದರಿಂದ ಅದರ ಹಿಂದಿನದು, ಹೀಗೆ ಏಣಿ ಇಳಿದ ಹಾಗೆ ಇಳಿಯಬೇಕು. ಒಂದೇ ಅರ್ಜಿಯಲ್ಲಿ ‘ನಮ್ಮ ಮನೆಯ ಎಲ್ಲ ಹಳೆಯ ದಾಖಲೆ’ ಎಂದು ಬರೆದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಸರ್ವೆ ನಂಬರು, ಎಂ.ಆರ್. ನಂಬರು, ವರ್ಷ ಇವು ಮೂರೂ ಬರೆಯಿರಿ.

ಎರಡು ಎಚ್ಚರಿಕೆ. ಹಳೆಯ ಪೌತಿ ವಂಶವೃಕ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟಿರುವುದು ಸಾಮಾನ್ಯ, ಆದ್ದರಿಂದ ‘ನಾಲ್ಕೇ ಮಕ್ಕಳು’ ಎಂದು ಅದನ್ನು ನೋಡಿ ತೀರ್ಮಾನಿಸಬೇಡಿ. ಎರಡನೆಯದು ಜಮ್ಮಾ ಹಿಡುವಳಿಯದು, ಅಂದರೆ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯದು. ಅಲ್ಲಿ ಮುಂದೆ ಕಾಣುವುದು ಪಟ್ಟೆದಾರನ ಹೆಸರು. ಅವನು ಆ ಕಾಲಕ್ಕೆ ಒಕ್ಕದ ಹಿರಿಯ. ಅವನ ನಂತರ ಬಂದ ಪಟ್ಟೆದಾರ ಅವನ ಮಗನೇ ಆಗಬೇಕೆಂದಿಲ್ಲ, ತಮ್ಮನೋ ದಾಯಾದಿಯೋ ಇರಬಹುದು. ಪಟ್ಟೆದಾರರ ಹೆಸರನ್ನು ಸಾಲಾಗಿ ಬರೆದು ಅಪ್ಪ, ಮಗ, ಮೊಮ್ಮಗ ಎಂದು ಓದಿಕೊಂಡ ಮರಗಳು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ.

1956ಕ್ಕೆ ಮುಂಚೆ ಕೊಡಗು ಬೇರೆಯೇ ರಾಜ್ಯವಾಗಿದ್ದರಿಂದ ಆ ಕಾಲದ ಇಂಗ್ಲಿಷ್ ದಾಖಲೆಗಳಲ್ಲಿ ಹುಡುಕುವ ಪದಗಳೂ ಬೇರೆ. ಮಡಿಕೇರಿ ಎಂದರೆ ‘ಮರ್ಕರಾ’, ಕುಶಾಲನಗರ ‘ಫ್ರೇಸರ್‌ಪೇಟ್’, ಜಿಲ್ಲೆ ‘ಕೂರ್ಗ್’. ಆಗಿನ ತಾಲೂಕುಗಳು ಮರ್ಕರಾ, ಪಾಡಿನಾಲ್ಕುನಾಡ್, ಯೆಡೆನಾಲ್ಕುನಾಡ್, ಕಿಗ್ಗಟ್ಟ್‌ನಾಡ್, ನಂಜರಾಜಪಟ್ಟಣ, ಏಳುಸಾವಿರಸೀಮೆ ಮುಂತಾದವು. ನಾಪೋಕ್ಲು ಪಾಡಿನಾಲ್ಕುನಾಡಿಗೆ ಸೇರಿತ್ತು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಈ ಹೆಸರುಗಳಿಂದ ಹುಡುಕಿ. ‘ನಾಪೋಕ್ಲು’ ಎಂದಷ್ಟೇ ಹುಡುಕಿದರೆ ಬರಿಗೈ ಆಗಬಹುದು.

ಮನೆಯಲ್ಲಿ ಪಲ್ಟಣಿಗೆ ಹೋಗಿ ಮರಳದವರಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ತಾಣ ನೋಡಿ. 1914ರ ಆಗಸ್ಟಿನಿಂದ 1921ರ ಆಗಸ್ಟಿನವರೆಗೆ, 1939ರ ಸೆಪ್ಟೆಂಬರಿನಿಂದ 1947ರ ಕೊನೆಯವರೆಗೆ ಸೇವೆಯಲ್ಲಿ ಸತ್ತವರ ಪಟ್ಟಿ ಉಚಿತವಾಗಿ ಸಿಗುತ್ತದೆ. ಒಕ್ಕದ ಹೆಸರಿನಿಂದ ಹುಡುಕಿದರೆ ಸಿಗದೇ ಹೋಗಬಹುದು. ಸ್ವಂತ ಹೆಸರು ಹಾಕಿ, ಹೆಚ್ಚುವರಿ ವಿವರದಲ್ಲಿ ‘ಕೂರ್ಗ್’ ಎಂದು ಕೊಡಿ; ಕೆಲವರಿಗೆ ತಂದೆಯ ಹೆಸರೂ ಊರೂ ಬರೆದಿರುತ್ತದೆ.

ಹತ್ತಿರದ ಕಾಲಕ್ಕೆ, ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ ಪತ್ರಿಕೆಯ ನಿಧನ ವಾರ್ತೆಗಿಂತ ಒಳ್ಳೆಯ ದಾಖಲೆ ಕೊಡಗಿನಲ್ಲಿ ಇಲ್ಲವೆನ್ನಬೇಕು. ತೀರಿಕೊಂಡವರ ಒಕ್ಕ, ಊರು, ವಯಸ್ಸು, ಉಳಿದವರ ವಿವರ ನಾಲ್ಕು ಸಾಲಿನಲ್ಲಿ. ಅಜ್ಜಿಯರು ಕತ್ತರಿಸಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ, ಹುಡುಕಿ.

ಪ್ರಶ್ನೆ: ನಮ್ಮದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಕುಟುಂಬ. ಹಿರಿಯರು ಟಿಪ್ಪುವಿನ ಕಾಲದಲ್ಲಿ ಬಂದರೆನ್ನುತ್ತಾರೆ. ಎಲ್ಲಿ ಕೇಳುವುದು? (ವಿರಾಜಪೇಟೆ)

ಉತ್ತರ: ನಿಮ್ಮೂರಲ್ಲೇ. ಸಂತ ಅನ್ನಮ್ಮ ಚರ್ಚ್ 1792ರದು, ದೊಡ್ಡವೀರರಾಜೇಂದ್ರ ಪೇಟೆ ಕಟ್ಟಿಸಿದ ಕಾಲದ್ದು. ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳನ್ನು ಬೇರೆ ಬೇರೆ ಬರೆದಿಡುವುದು ಪದ್ಧತಿ. ಗುರುಗಳ ಹತ್ತಿರ ಹೋಗುವಾಗ ಅಂದಾಜು ವರ್ಷ, ಹತ್ತು ವರ್ಷದ ಆಚೀಚೆ ಹೇಳಿ ಕೇಳಿ. ಹಳೆಯ ನಮೂದುಗಳು ಲ್ಯಾಟಿನ್‌ನಲ್ಲಿದ್ದರೆ ಜುವಾಂವ್ ‘ಯೋಹಾನ್ನೆಸ್’ ಆಗಿರುತ್ತಾನೆ. ಜ್ಞಾನಪೋಷಕರ ಹೆಸರನ್ನು ಬಿಡದೆ ಬರೆದುಕೊಳ್ಳಿ. ಅವರು ಮಗುವಿನ ಅತ್ತೆ, ಮಾವ, ದೊಡ್ಡಪ್ಪಂದಿರೇ ಆಗಿರುವುದು ಹೆಚ್ಚು. ಅದಕ್ಕೂ ಹಿಂದಿನ ಬೇರು ಮಂಗಳೂರು ಕಡೆಯ ಚರ್ಚುಗಳಲ್ಲಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡಳು. ಕೆನಡಾದ ಒಬ್ಬರು ‘ಸೆಕೆಂಡ್ ಕಸಿನ್, 210 ಸೆಂಟಿಮಾರ್ಗನ್’ ಎಂದು ಬಂದಿದ್ದಾರೆ. ಅವರ ಒಕ್ಕ ಬೇರೆ, ನಮಗೆ ಅವರ ಪರಿಚಯವೇ ಇಲ್ಲ. ಏನು ಅರ್ಥ? (ಬೆಂಗಳೂರು, ಮೂಲ ಅಮ್ಮತ್ತಿ)

ಉತ್ತರ: ಸೆಂಟಿಮಾರ್ಗನ್ ಎಂದರೆ ಇಬ್ಬರಲ್ಲೂ ಸಮಾನವಾಗಿ ಬಂದ ಡಿಎನ್‌ಎ ತುಂಡುಗಳ ಅಳತೆ. ಒಡಹುಟ್ಟಿದವರಿಗೆ ಸುಮಾರು 2600. ನೇರ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವನ ಮಕ್ಕಳಿಗೆ ಸರಾಸರಿ 870ರ ಹತ್ತಿರ. ಒಂದೇ ಮುತ್ತಜ್ಜ ಮುತ್ತಜ್ಜಿಯ ಮರಿಮಕ್ಕಳಾದವರಿಗೆ, ಅಂದರೆ ಇಂಗ್ಲಿಷಿನ ಸೆಕೆಂಡ್ ಕಸಿನ್‌ಗೆ, ಸರಾಸರಿ 230; ಆದರೆ 40ರಿಂದ 590ರವರೆಗೂ ಕಂಡುಬಂದಿದೆ. ಆದ್ದರಿಂದ 210 ಎಂಬುದು ಒಂದೇ ಸಂಬಂಧವನ್ನು ಹೇಳುವುದಿಲ್ಲ. ಅಜ್ಜಿಯ ಅಣ್ಣನ ಮೊಮ್ಮಗ ಇರಬಹುದು, ಅದಕ್ಕಿಂತ ಒಂದು ತಲೆಮಾರು ಆಚೆ ಈಚೆಯೂ ಇರಬಹುದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಆ ಸರಾಸರಿಗಳು ದೂರದೂರದಲ್ಲಿ ಮದುವೆಯಾಗುವ ಜನರಿಗೆ ಹೊಂದುತ್ತವೆ. ಕೊಡಗಿನಂತಹ ಸಣ್ಣ ನಾಡಿನಲ್ಲಿ, ಸೋದರಮಾವನ ಮಗಳು, ಅತ್ತೆಯ ಮಗ ಎಂದು ಅದೇ ಮನೆಗಳ ಮಧ್ಯೆ ಹೆಣ್ಣು ಕೊಟ್ಟು ತಂದ ಕಡೆ, ಇಬ್ಬರ ನಡುವೆ ನಾಲ್ಕೈದು ದಾರಿಯಿಂದ ಸಂಬಂಧವಿರುತ್ತದೆ. ಪ್ರತಿಯೊಂದರಿಂದಲೂ ಚೂರುಚೂರು ಸೇರಿ ಮೊತ್ತ ದೊಡ್ಡದಾಗಿ, ನೆಂಟಸ್ತಿಕೆ ಇರುವುದಕ್ಕಿಂತ ಹತ್ತಿರವಾಗಿ ತೋರುತ್ತದೆ. ಹಾಗಾಗಿ ಮೊತ್ತದ ಜೊತೆಗೆ ‘ಅತಿ ಉದ್ದದ ತುಂಡು’ ಎಷ್ಟು ಎಂದು ನೋಡಿ. 210ರಲ್ಲಿ ಒಂದೆರಡು ತುಂಡು 40, 50 ಇದ್ದರೆ ಹತ್ತಿರದ ಒಬ್ಬ ಹಿರಿಯರು ಇಬ್ಬರಿಗೂ ಸಾಮಾನ್ಯ ಇರುವ ಸಂಭವ ಹೆಚ್ಚು. ಎಲ್ಲ ಹತ್ತು, ಹನ್ನೆರಡರ ಪುಡಿಗಳಾದರೆ ಹಳೆಯ ಕಾಲದ ಹಲವು ಸಂಬಂಧಗಳ ಮೊತ್ತ.

ಒಕ್ಕ ಬೇರೆ ಎಂದು ಆಶ್ಚರ್ಯಪಡಬೇಕಿಲ್ಲ, ಹೆಣ್ಣಿನ ಕಡೆಯಿಂದ ಬಂದ ನೆಂಟರಿಗೆ ಒಕ್ಕ ಬೇರೆಯೇ. ಅವರ ನಾಲ್ವರು ಅಜ್ಜ ಅಜ್ಜಿಯರ ಹುಟ್ಟಿದ ಒಕ್ಕ ಮತ್ತು ಊರನ್ನು ಕೇಳಿ ನಿಮ್ಮದರ ಪಕ್ಕ ಇಟ್ಟು ನೋಡಿ. ಒಂದಾದರೂ ಕೂಡಬೇಕು, ಇಲ್ಲವೇ ಒಂದು ತಲೆಮಾರು ಮೇಲೆ ಹೋಗಬೇಕು.

ಗಂಡಸರ ವೈ ಕ್ರೋಮೊಸೋಮು ತಂದೆಯಿಂದ ಮಗನಿಗೆ ಹೋಗುವುದರಿಂದ ಒಕ್ಕವನ್ನು ಅದರಿಂದ ‘ಸಾಬೀತು’ ಮಾಡಬಹುದೆಂದು ಕೆಲವರು ಹೊರಡುತ್ತಾರೆ. ನಮ್ಮ ಸಲಹೆ, ಹೊರಡುವ ಮುಂಚೆ ಒಕ್ಕ ಪರಿಜೆ, ಮಕ್ಕ ಪರಿಜೆಯ ಮದುವೆಗಳನ್ನು ನೆನಪಿಸಿಕೊಳ್ಳಿ. ಗಂಡು ಸಂತಾನವಿಲ್ಲದ ಒಕ್ಕ ಅಳಿಯಬಾರದೆಂದು ಅಳಿಯನನ್ನೇ ಒಕ್ಕಕ್ಕೆ ಸೇರಿಸಿಕೊಂಡದ್ದು, ಮಕ್ಕಳನ್ನು ತಾಯಿಯ ಒಕ್ಕಕ್ಕೆ ಸೇರಿಸಿದ್ದು ಎರಡೂ ನಡೆದಿವೆ. ಆ ಶಾಖೆಯ ವೈ ಬೇರೆ ಬಂದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಕಟ್ಟುಪಾಡಿನಂತೆಯೇ ಆದದ್ದು. ಇನ್ನು ಪರೀಕ್ಷೆಯ ಜೊತೆ ಬರುವ ‘ಇಷ್ಟು ಶೇಕಡಾ ಇಂಥ ಪ್ರದೇಶ’ ಎಂಬ ಬಣ್ಣದ ನಕ್ಷೆಯಿಂದ ಕೊಡವರು ಅಲೆಕ್ಸಾಂಡರನ ಸೈನಿಕರ ವಂಶದವರೆಂಬ ಕತೆಗೆ ಪುರಾವೆ ಹುಡುಕಬೇಡಿ. ಅದು ಕಂಪನಿಯ ಬಳಿ ಇರುವ ಮಾದರಿಗಳಿಗೆ ಹೋಲಿಸಿ ಮಾಡಿದ ಅಂದಾಜು. ಮಾದರಿ ಹೆಚ್ಚಾದಂತೆ ನಿಮ್ಮ ಶೇಕಡಾವೂ ಬದಲಾಗುತ್ತದೆ.

ಪ್ರಶ್ನೆ: ಯಾರೋ ದೂರದ ನೆಂಟರು ನಮ್ಮ ಇಡೀ ಮನೆಯವರ ಹೆಸರು, ಹುಟ್ಟಿದ ದಿನಾಂಕ, ಫೋಟೊ ಹಾಕಿದ್ದಾರೆ. ಬದುಕಿರುವ ನಮ್ಮ ಅಮ್ಮನನ್ನು ತೀರಿಕೊಂಡವರೆಂದು ತೋರಿಸುತ್ತಿದೆ. ಅವರಿಗೆ ತುಂಬ ಬೇಸರವಾಗಿದೆ. (ಮಡಿಕೇರಿ)

ಉತ್ತರ: ಬೇಸರವಾಗದೇ ಇರುತ್ತದೆಯೇ. ಇದು ಬಹುಪಾಲು ಆಗುವುದು ಅವಸರದಿಂದ: ಹೆಸರು ತುಂಬುವಾಗ ‘ಬದುಕಿದ್ದಾರೆ’, ‘ತೀರಿಕೊಂಡಿದ್ದಾರೆ’ ಎಂಬ ಎರಡು ಗುಂಡಿಗಳಲ್ಲಿ ತಪ್ಪಾದದ್ದನ್ನು ಒತ್ತಿರುತ್ತಾರೆ. ಫ್ಯಾಮಿಲಿಸರ್ಚ್‌ನಲ್ಲಿ ಬದುಕಿರುವವರ ವಿವರ ತುಂಬಿಸಿದವರ ಖಾಸಗಿ ಜಾಗದಲ್ಲಿರುತ್ತದೆ, ತೀರಿಕೊಂಡವರದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಒಂದು ತಪ್ಪು ಗುಂಡಿಯಿಂದ ಮನೆಯ ವಿವರವೆಲ್ಲ ಬಯಲಾಯಿತು. ಅಮ್ಮನ ಪುಟ ತೆರೆದು ಸ್ಥಿತಿಯನ್ನು ‘ಬದುಕಿದ್ದಾರೆ’ ಎಂದು ತಿದ್ದಿ, ಕಾರಣದ ಪೆಟ್ಟಿಗೆಯಲ್ಲಿ ‘ಮಗಳು/ಮಗ ತಿಳಿಸಿದ್ದು’ ಎಂದು ಬರೆಯಿರಿ. ತಿದ್ದಲು ಬಿಡದಿದ್ದರೆ ತಾಣದ ಸಹಾಯ ವಿಭಾಗಕ್ಕೆ ಆ ಪುಟದ ಗುರುತು ಸಂಖ್ಯೆ ಸಹಿತ ಬರೆಯಿರಿ. ತುಂಬಿಸಿದವರಿಗೂ ತಾಣದೊಳಗಿನ ಸಂದೇಶದಲ್ಲೇ ತಿಳಿಸಿ. ಕೋಪದ ಫೋನು ಬೇಡ; ಅವರ ಹತ್ತಿರ ನಿಮ್ಮಲ್ಲಿಲ್ಲದ ಫೋಟೊ ಇರಬಹುದು.

ಒಕ್ಕದ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಒಂದು ನಿಯಮ ಮಾಡಿಕೊಳ್ಳಿ. ಬದುಕಿರುವವರದ್ದು ಹುಟ್ಟಿದ ವರ್ಷ ಸಾಕು, ದಿನಾಂಕ ಬೇಡ. ತಾಯಿಯ ತವರಿನ ಹೆಸರನ್ನು ಕೆಲವು ಬ್ಯಾಂಕುಗಳು ಗುರುತಿನ ಪ್ರಶ್ನೆಯಾಗಿ ಕೇಳುತ್ತವೆ, ನೆನಪಿರಲಿ. ನಾಡಕಚೇರಿಯ ವಂಶವೃಕ್ಷ ಪತ್ರವನ್ನು ಆಧಾರ್ ಸಂಖ್ಯೆ ಸಹಿತ ಅಪ್‌ಲೋಡ್ ಮಾಡಿದವರೂ ಇದ್ದಾರೆ. ಮಾಡಬಾರದು.

ಪ್ರಶ್ನೆ: ನಾವು ಅರೆಭಾಷೆ ಗೌಡರು. ಅದೇ ಮನೆತನದ ಹೆಸರಿನವರು ಸುಳ್ಯ ಕಡೆ ಇದ್ದಾರೆ. ಸಂಬಂಧ ಹುಡುಕುವುದು ಹೇಗೆ? (ಭಾಗಮಂಡಲ)

ಉತ್ತರ: ಹೆಸರು ಒಂದೇ ಎಂದ ಮಾತ್ರಕ್ಕೆ ಗೆರೆ ಎಳೆಯಬೇಡಿ, ಮನೆತನದ ಹೆಸರು ಎಷ್ಟೋ ಸಲ ಜಾಗದ ಹೆಸರು. ಮೊದಲು ಅವರ ‘ಬಳಿ’ (ಗೋತ್ರದಂಥ ಗಂಡುಮೂಲದ ಗುಂಪು) ಯಾವುದೆಂದು ಕೇಳಿ. ಹತ್ತು ಕುಟುಂಬ ಹದಿನೆಂಟು ಗೋತ್ರ ಎಂಬ ಲೆಕ್ಕದಲ್ಲಿ ಬಳಿ ಬೇರೆಯಾದರೆ ಗಂಡುಮೂಲ ಒಂದಲ್ಲ. ಬಳಿ ಕೂಡಿದರೆ ಆಮೇಲೆ ಕುಟುಂಬದ ದೈವ ಯಾವುದು, ಐನ್‌ಮನೆ ಎಲ್ಲಿ ಎಂದು ನೋಡಿ. ಧರ್ಮನಡಾವಳಿಯ (ಕುಟುಂಬದ ದೈವಗಳ ಉತ್ಸವದ) ಆಮಂತ್ರಣ ಪತ್ರಿಕೆಗಳನ್ನು ಒಟ್ಟುಹಾಕಿ, ಕವಲು ಮನೆಗಳ ಹೆಸರು ಅಲ್ಲೇ ಸಿಗುತ್ತದೆ.

ಕಾಗದಪತ್ರ ಎರಡು ಕಡೆ ಹಂಚಿಹೋಗಿದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ಹಿಡಿದಾಗ ಅದುವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಸುಳ್ಯ ಸೀಮೆಯನ್ನು ಕೆನರಾ (ಕನ್ನಡ) ಜಿಲ್ಲೆಗೆ ಸೇರಿಸಿದರು. ಆಮೇಲೆ 1956ರವರೆಗೆ ಆ ಕಡೆಯದು ಮದ್ರಾಸಿನ ಲೆಕ್ಕ, ಮಂಗಳೂರಿನ ಕಚೇರಿ. ಪಹಣಿ ಎನ್ನುವ ಬದಲು ಅಡಂಗಲ್ ಎಂದು ಕೇಳಬೇಕು. ಇನ್ನೊಂದು ಒಳ್ಳೆಯ ಮೂಲ 1974ರ ನಂತರದ ಭೂನ್ಯಾಯ ಮಂಡಳಿಯ ಕಡತ. ಗೇಣಿದಾರರು ಕೊಟ್ಟ ಫಾರಂ 7ರ ಜೊತೆಗಿನ ಹೇಳಿಕೆಗಳಲ್ಲಿ ‘ನನ್ನ ಅಜ್ಜನ ಕಾಲದಿಂದ’ ಎಂದು ಮೂರು ತಲೆಮಾರು ಹೇಳಿರುವುದುಂಟು.

ಪ್ರಶ್ನೆ: ನಮಗೆ ಐನ್‌ಮನೆ ಇಲ್ಲ. ಹುಟ್ಟಿದ್ದು ತೋಟದ ಲೈನ್‌ಮನೆಯಲ್ಲಿ. ಅಜ್ಜ ಮೈಸೂರು ಕಡೆಯಿಂದ ಬಂದರಂತೆ, ಊರು ಗೊತ್ತಿಲ್ಲ. ಇಂಥವರು ಹುಡುಕಬಹುದೇ? (ಸಿದ್ದಾಪುರ)

ಉತ್ತರ: ಖಂಡಿತ. ಮನೆದೇವರು ಯಾವುದೆಂದು ಮೊದಲು ಕೇಳಿ. ಊರು ಮರೆತ ಮನೆಯವರೂ ಮನೆದೇವರನ್ನು ಮರೆತಿರುವುದಿಲ್ಲ, ಆ ದೇವರ ಒಕ್ಕಲು ಯಾವ ಊರುಗಳಲ್ಲಿ ಎಂದು ಪೂಜಾರಿಯೇ ಹೇಳುತ್ತಾರೆ. ಎರಡನೆಯದಾಗಿ, ಅಜ್ಜನನ್ನು ಕರೆತಂದ ಮೇಸ್ತ್ರಿ ಯಾರು? ಮೇಸ್ತ್ರಿಗಳು ತಮ್ಮೂರಿನ ಸುತ್ತಮುತ್ತಲಿಂದಲೇ ಆಳು ತರುತ್ತಿದ್ದದ್ದು ಹೆಚ್ಚು. ಅವರ ಕೈಕೆಳಗೆ ಬಂದ ಬೇರೆ ಮನೆಯವರಿಗೆ ಊರಿನ ಹೆಸರು ನೆನಪಿರಬಹುದು. ಕಾಗದದ ಪೈಕಿ, ತೋಟದ ಚೆಕ್‌ರೋಲಿನಲ್ಲಿ ಹೆಸರು, ಕೆಲಸದ ದಿನ ಬಿಟ್ಟರೆ ಹೆಚ್ಚು ಇರುವುದಿಲ್ಲ. ಭವಿಷ್ಯನಿಧಿಯ ಫಾರಂ 2ರಲ್ಲಿ ಮಾತ್ರ ಹೆಂಡತಿ, ಮಕ್ಕಳ ಹೆಸರು, ಸಂಬಂಧ, ವಯಸ್ಸು ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಿ, ಆದರೆ ಅಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಇಟ್ಟ ದಿನ.

ಪ್ರಶ್ನೆ: ಒಬ್ಬರು ‘ನಾನೂ ನಿಮ್ಮ ಒಕ್ಕದವನು’ ಎಂದು ಆಸ್ಟ್ರೇಲಿಯಾದಿಂದ ಬರೆದಿದ್ದಾರೆ. ಹೇಗೆ ಉತ್ತರಿಸಲಿ? (ಶ್ರೀಮಂಗಲ)

ಉತ್ತರ: ಸಂತೋಷದಿಂದ, ಆದರೆ ಮೊದಲ ಕಾಗದದಲ್ಲೇ ಇಡೀ ಮರ ಕಳಿಸಬೇಡಿ. ಹೀಗೆ ಬರೆಯಬಹುದು: ‘ನಿಮ್ಮ ಪತ್ರ ತಲುಪಿತು, ಖುಷಿಯಾಯಿತು. ನಮ್ಮ ಐನ್‌ಮನೆ ಇಂಥ ಊರಿನಲ್ಲಿದೆ. ನಿಮ್ಮ ಅಜ್ಜನ ಹೆಸರು, ಅಜ್ಜಿಯ ತವರಿನ ಒಕ್ಕ, ಅವರು ಊರು ಬಿಟ್ಟ ವರ್ಷ ತಿಳಿಸಿದರೆ ಇಲ್ಲಿ ಹಿರಿಯರ ಹತ್ತಿರ ಕೇಳಿ ಬರೆಯುತ್ತೇನೆ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಒಂದು ಕಳಿಸಿ.’ ನಿಜವಾದ ನೆಂಟರಿಗೆ ಅಜ್ಜಿಯ ತವರು ಗೊತ್ತಿರುತ್ತದೆ, ಇಲ್ಲವೇ ಕೇಳಿ ತಿಳಿಸುತ್ತಾರೆ. ಎರಡನೇ ಸಂದೇಶಕ್ಕೇ ಆಸ್ತಿಯ ಅಥವಾ ಹಣದ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ನೆಂಟಸ್ತಿಕೆ ಖಚಿತವಾದ ಮೇಲೆ ಕಾರಣ ಕೊಡುವ (ತೀರಿಕೊಂಡ ಹಿರಿಯರಿಗೆ ಎಡೆ ಇಡುವ) ದಿನವೋ, 1997ರಿಂದ ನಡೆಯುತ್ತಿರುವ ಕೌಟುಂಬಿಕ ಹಾಕಿಯ ಸಮಯವೋ ಹೇಳಿ ಕರೆಯಿರಿ. ಒಕ್ಕದವರೆಲ್ಲ ಒಟ್ಟಿಗೆ ಸಿಗುವುದು ಆಗಲೇ.

ಪ್ರಶ್ನೆ: ಅಜ್ಜಿ ಹುಟ್ಟಿದ್ದು ‘ಕಕ್ಕಡ ಹದಿನೆಂಟು, ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ ದಿನ’ ಎಂದಷ್ಟೇ ಗೊತ್ತು. ಯಾವ ತಾರೀಖು ಹಾಕಲಿ? (ಕಾಕೋಟುಪರಂಬು)

ಉತ್ತರ: ಆಗಸ್ಟ್ 3. ಕಕ್ಕಡ ಕೊಡವರ ಒಂದು ತಿಂಗಳು; ಸೌರಮಾಸದ ಲೆಕ್ಕವಾದ್ದರಿಂದ ಹಳೆಯ ವರ್ಷಗಳಲ್ಲಿ ಒಂದು ದಿನ ಹೆಚ್ಚುಕಮ್ಮಿ ಆಗಬಹುದು. ವರ್ಷ ತಿಳಿಯಲು, 1956ರಲ್ಲಿ ಕೊಡಗು ಮೈಸೂರಿಗೆ ಸೇರಿದಾಗ ಅಜ್ಜಿಗೆ ಮದುವೆಯಾಗಿತ್ತೇ, ಎಷ್ಟು ಮಕ್ಕಳಿದ್ದರು ಎಂದು ಕೇಳಿ ಹಿಂದಕ್ಕೆ ಎಣಿಸಿ. ಸಂವತ್ಸರದ ಹೆಸರು ನೆನಪಿದ್ದರೆ ಇನ್ನೂ ಸುಲಭ: ಪ್ರಭವ 1927ರಲ್ಲೂ 1987ರಲ್ಲೂ ಬಂದಿತ್ತು, ಅಲ್ಲಿಂದ ಲೆಕ್ಕ ಹಾಕಿ. ವರ್ಷ ಅಂದಾಜಾದರೆ ‘ಸುಮಾರು 1932’ ಎಂದೇ ಬರೆಯಿರಿ, ತಂತ್ರಾಂಶ ಅದನ್ನು ಒಪ್ಪುತ್ತದೆ. ಟಿಪ್ಪಣಿಯಲ್ಲಿ ಪಾಯಸದ ಮಾತನ್ನೂ ಅಜ್ಜಿ ಹೇಳಿದ ಹಾಗೆಯೇ ಸೇರಿಸಿ.